ಕುದುರೆಮುಖದ ಗಣಿ ಮುಚ್ಚಿದ ಪ್ರಕರಣ: ಕಾಡು, ಕೆಲಸ ಮತ್ತು ಲೆಕ್ಕದಿಂದ ಬಿಟ್ಟುಹೋದವರು

ಕಾಡು ಉಳಿಸಬೇಕಾ, ಕೆಲಸ ಕೊಡಬೇಕಾ ಅನ್ನುವ ಜಗಳ ಕರ್ನಾಟಕದಲ್ಲಿ ಯಾವಾಗ ಎದ್ದರೂ ಯಾರಾದರೊಬ್ಬರು ಕುದುರೆಮುಖದ ಹೆಸರು ತೆಗೆಯುತ್ತಾರೆ. ಕಾಡಿನ ಪರ ಮಾತಾಡುವವರಿಗೆ ಅದು ಗೆಲುವಿನ ಕಥೆ. ಅಲ್ಲಿ ಕಬ್ಬಿಣದ ಅದಿರು ಅಗೆಯುತ್ತಿದ್ದ ಕೇಂದ್ರ ಸರ್ಕಾರದ ಕಂಪನಿಯನ್ನೇ ಸುಪ್ರೀಂ ಕೋರ್ಟ್ ಕಾಡಿನಿಂದ ಆಚೆ ಕಳಿಸಿತಲ್ಲ! ಉದ್ಯಮದ ಪರ ಮಾತಾಡುವವರಿಗೆ ಅದು ನಷ್ಟದ ಕಥೆ. ಚೆನ್ನಾಗಿ ನಡೆಯುತ್ತಿದ್ದ ಗಣಿ ಮುಚ್ಚಿತು, ಜನರಿಂದ ತುಂಬಿದ್ದ ಊರು ಖಾಲಿಯಾಯಿತು. ಎರಡೂ ಸುಳ್ಳಲ್ಲ. ಆದರೆ ಈ ಎರಡೂ ಕಥೆಗಳಲ್ಲಿ ಇಬ್ಬರು ಕಾಣಿಸುವುದೇ ಇಲ್ಲ. ಒಬ್ಬರು, ಗಣಿ ಬರುವ ಎಷ್ಟೋ ಮೊದಲಿಂದ ಆ ಕಾಡಿನೊಳಗೆ ಬದುಕುತ್ತಿದ್ದವರು. ಇನ್ನೊಬ್ಬರು, ಘಟ್ಟದಿಂದ ದೂರದ ದಾವಣಗೆರೆ ಸೀಮೆಯಲ್ಲಿ ಭದ್ರಾ ಕಾಲುವೆ ನೀರು ನಂಬಿಕೊಂಡು ಭತ್ತ ನಾಟಿ ಮಾಡುವವರು.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಗಣಿ ನಿಲ್ಲಿಸಿದ್ದು ಸರಿಯಾಗಿತ್ತು. ನಿಂತ ಮೇಲೆ ಆ ಸೀಮೆಯ ಜನ ಹೇಗೆ ಬದುಕಬೇಕು ಅಂತ ಯಾರೂ ಕೂತು ಯೋಚಿಸಲಿಲ್ಲವಲ್ಲ, ಅದು ತಪ್ಪು. ಆ ತಪ್ಪು ಗಣಿ ಮುಚ್ಚುವಾಗ ಆದದ್ದೂ ಅಲ್ಲ. ಗಣಿಗೆ ಜಾಗ ಕೊಟ್ಟ ದಿನವೇ ಆಗಿತ್ತು.

ಜಾಗ ಎಂಥದ್ದು

ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳು ಒಂದಕ್ಕೊಂದು ತಾಗುವ ಕಡೆ ಈ ಬೆಟ್ಟಸಾಲು ಇದೆ. ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ. ಇಲ್ಲಿನ ಗಂಗಾಮೂಲದ ಆಸುಪಾಸಿನಲ್ಲಿ ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುತ್ತವೆ. ಮೊದಲಿನ ಎರಡು ಪೂರ್ವಕ್ಕೆ ಹರಿದು ಬಯಲುಸೀಮೆ ಮುಟ್ಟುತ್ತವೆ. ನೇತ್ರಾವತಿ ಪಶ್ಚಿಮಕ್ಕೆ ಇಳಿದು ಮಂಗಳೂರಿನ ಹತ್ತಿರ ಕಡಲು ಸೇರುತ್ತದೆ.

ಬೆಟ್ಟಗಳ ಮೈಮೇಲೆ ಹುಲ್ಲು, ಸಂದುಗಳಲ್ಲಿ ದಟ್ಟ ಶೋಲಾ ಕಾಡು. ದೂರದಿಂದ ನೋಡಿದವರಿಗೆ ಹುಲ್ಲಿನ ಭಾಗ ಸುಮ್ನೆ ಬೋಳು ಗುಡ್ಡದ ಹಾಗೆ ಕಾಣುತ್ತದೆ. 'ಮರವೇ ಇಲ್ಲದ ಗುಡ್ಡ, ಅಗೆದರೆ ಏನಾಯಿತು' ಅನ್ನುವ ಮಾತು ಹುಟ್ಟುವುದು ಇದರಿಂದಲೇ. ಆದರೆ ಹತ್ತಿರ ಹೋಗಿ ಹುಲ್ಲಿನ ಬುಡ ಬಿಡಿಸಿ ನೋಡಿದರೆ ಬೇರುಗಳು ಒಂದಕ್ಕೊಂದು ಹೆಣೆದುಕೊಂಡು ಮಣ್ಣನ್ನು ಗಟ್ಟಿಯಾಗಿ ಹಿಡಿದಿರುತ್ತವೆ. ಕೆಳಗಿನ ಕಪ್ಪು ಮಣ್ಣು ಸ್ಪಂಜಿನ ಹಾಗೆ ನೀರು ಕುಡಿಯುತ್ತದೆ. ಆಷಾಢದಲ್ಲಿ ಬಿದ್ದ ಮಳೆ ಒಂದೇ ಸಲ ಕೆಳಗೆ ನುಗ್ಗುವುದಿಲ್ಲ. ಸ್ವಲ್ಪ ಸ್ವಲ್ಪವಾಗಿ ಶೋಲಾದೊಳಗಿನ ಹಳ್ಳಗಳಿಗೆ ಜಿನುಗುತ್ತದೆ. ಬೇಸಿಗೆಯಲ್ಲೂ ಆ ಹಳ್ಳಗಳಲ್ಲಿ ನೀರು ಇರುವುದಕ್ಕೆ ಕಾರಣ ಇದೇ. ಹುಲ್ಲಿನ ಹೊದಿಕೆ ಕಿತ್ತ ಕಡೆ ಅದೇ ಮಳೆ ಮಣ್ಣನ್ನು ಹೊತ್ತುಕೊಂಡು ಹೋಗುತ್ತದೆ. ಕುದುರೆಮುಖದ ಇಡೀ ವಾದ ನಿಂತಿರುವುದು ಈ ಒಂದು ಸಂಗತಿಯ ಮೇಲೆ.

ಕೆಳಗಿನ ಮಳೆಕಾಡುಗಳಲ್ಲಿ ಸಿಂಗಳೀಕ ಇದೆ. 1980ರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಕರ್ನಾಟಕದಲ್ಲಿ ಈ ಕೋತಿಯ ಸಮೀಕ್ಷೆ ಮಾಡಿದಾಗ ಈ ಸೀಮೆ ಅದಕ್ಕೆ ಎಷ್ಟು ಮುಖ್ಯ ಅನ್ನುವುದು ಗೊತ್ತಾಯಿತು. ಇಲ್ಲಿ ರಾಷ್ಟ್ರೀಯ ಉದ್ಯಾನ ಆಗಬೇಕು ಅನ್ನುವ ಒತ್ತಾಯ ಬೆಳೆದದ್ದು ಅಲ್ಲಿಂದ.

ಅದಿರು, ಇರಾನ್ ಮತ್ತು ಮೂವತ್ತು ವರ್ಷದ ಗುತ್ತಿಗೆ

ಇಲ್ಲಿನ ಅದಿರು ಮ್ಯಾಗ್ನಟೈಟ್. ಸಂಡೂರಿನದ್ದರ ಹಾಗೆ ಅಗೆದು ನೇರ ಲಾರಿಗೆ ತುಂಬುವ ಜಾತಿಯದ್ದಲ್ಲ. ಕಬ್ಬಿಣದ ಅಂಶ ಅರ್ಧಕ್ಕಿಂತ ಕಡಿಮೆ. ಅದನ್ನು ನುಣ್ಣಗೆ ಅರೆದು, ನೀರಿನಲ್ಲಿ ಕಲಸಿ, ಅಯಸ್ಕಾಂತದಿಂದ ಕಬ್ಬಿಣದ ಪುಡಿಯನ್ನು ಬೇರೆ ಮಾಡಬೇಕು. ಸುಮಾರು ಮೂರು ಟನ್ ಅದಿರು ಅಗೆದರೆ ಒಂದು ಟನ್ ಮಾಲು ಸಿಗುತ್ತದೆ. ಮಿಕ್ಕಿದ್ದೆಲ್ಲ ಕೆಸರು. ಇಷ್ಟು ಮಳೆ ಬೀಳುವ ನದಿಮೂಲದಲ್ಲಿ ಇಷ್ಟು ಕೆಸರು ಹುಟ್ಟಿಸುವ ಗಣಿ! ಇದನ್ನು ಕೇಳಿದ ಕೂಡಲೇ ಒಂದು ಪ್ರಶ್ನೆ ಏಳಬೇಕಿತ್ತು. ಆದರೆ 1969ರಲ್ಲಿ ಗುತ್ತಿಗೆ ಕೊಡುವಾಗ ದೇಶದಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಇರಲಿಲ್ಲ, ಅರಣ್ಯ ಸಂರಕ್ಷಣಾ ಕಾಯ್ದೆಯೂ ಇರಲಿಲ್ಲ. ಮೊದಲನೆಯದು ಬಂದದ್ದು 1972ರಲ್ಲಿ, ಎರಡನೆಯದು 1980ರಲ್ಲಿ. ಗುತ್ತಿಗೆ ಸುಮಾರು 4,600 ಹೆಕ್ಟೇರ್ ಜಾಗಕ್ಕೆ, 30 ವರ್ಷಕ್ಕೆ.

1975ರಲ್ಲಿ ಇರಾನ್ ಬಂತು. ಅಲ್ಲಿನ ಷಾ ಸರ್ಕಾರಕ್ಕೆ ಉಕ್ಕಿನ ಕಾರ್ಖಾನೆ ಕಟ್ಟುವ ಆಸೆ, ಕೈಯಲ್ಲಿ ತೈಲದ ದುಡ್ಡು. 63 ಕೋಟಿ ಡಾಲರ್ ಸಾಲ ಕೊಡುತ್ತೇವೆ, ಬದಲಿಗೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಒಟ್ಟು 15 ಕೋಟಿ ಟನ್ ಅದಿರು ಪುಡಿ ಕೊಡಿ ಅನ್ನುವ ಒಪ್ಪಂದ ಆಯಿತು. 1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಹುಟ್ಟಿತು. ಕೆಲಸ ಭರದಿಂದ ನಡೆಯಿತು. ಕಾಡಿನ ನಡುವೆ ಟೌನ್‌ಶಿಪ್ ಎದ್ದಿತು. ಕೆಸರು ತಡೆಯಲು ಭದ್ರೆಗೆ ಸೇರುವ ಲಖ್ಯಾ ಹೊಳೆಗೆ ಸುಮಾರು 100 ಮೀಟರ್ ಎತ್ತರದ ಡ್ಯಾಂ ಕಟ್ಟಿದರು. ಅದಿರಿನ ಪುಡಿಯನ್ನು ನೀರಿನ ಜೊತೆ ಘಟ್ಟ ಇಳಿಸಿ ಪಣಂಬೂರಿನ ಬಂದರಿಗೆ ಮುಟ್ಟಿಸಲು 67 ಕಿಲೋಮೀಟರ್ ಪೈಪ್ ಹಾಕಿದರು. ಎಂಜಿನಿಯರಿಂಗ್ ಲೆಕ್ಕದಲ್ಲಿ ಇದು ನಿಜಕ್ಕೂ ದೊಡ್ಡ ಕೆಲಸ.

ಅಷ್ಟರಲ್ಲಿ 1979ರ ಕ್ರಾಂತಿಯಲ್ಲಿ ಷಾ ಅಧಿಕಾರವೇ ಹೋಯಿತು. ಇರಾನ್ ಕೈ ಎತ್ತಿತು. 1980ರಲ್ಲಿ ಉತ್ಪಾದನೆ ಶುರುವಾದಾಗ ಕಂಪನಿ ಹೊಸ ಗಿರಾಕಿಗಳನ್ನು ಹುಡುಕಬೇಕಾಯಿತು. ವರ್ಷಕ್ಕೆ 75 ಲಕ್ಷ ಟನ್ ಪುಡಿ ತಯಾರಿಸುವ ಸಾಮರ್ಥ್ಯದ ಘಟಕ ಅದು. ಮುಂದೆ ಮಂಗಳೂರಿನಲ್ಲಿ ಅದಿರಿನ ಪುಡಿಯನ್ನು ಉಂಡೆ ಮಾಡುವ ಪೆಲೆಟ್ ಕಾರ್ಖಾನೆಯೂ ಬಂತು. ಕಂಪನಿ ಕಷ್ಟದಿಂದ ಎದ್ದು ನಿಂತಿತು, ರಫ್ತು ಮಾಡಿತು, ದೇಶಕ್ಕೆ ವಿದೇಶಿ ವಿನಿಮಯ ತಂದಿತು. ಇದನ್ನೆಲ್ಲ ಸಣ್ಣದು ಮಾಡಿ ಮಾತಾಡುವುದು ಸರಿಯಲ್ಲ. ಅಲ್ಲಿ ದುಡಿದವರ ಶ್ರಮ ನಿಜವಾದದ್ದು.

ಆದರೆ ಆ ಸೀಮೆಗೆ ಏನು ಸಿಕ್ಕಿತು? ಗಣಿ ಯಂತ್ರಗಳದ್ದು. ಅದಕ್ಕೆ ಬೇಕಾದದ್ದು ಎಂಜಿನಿಯರ್‌ಗಳು, ತರಬೇತಿ ಪಡೆದ ಕೆಲಸಗಾರರು. ಅವರಲ್ಲಿ ಹೆಚ್ಚಿನವರು ಹೊರಗಿನಿಂದ ಬಂದರು. ಟೌನ್‌ಶಿಪ್‌ನಲ್ಲಿ ಶಾಲೆ, ಆಸ್ಪತ್ರೆ, ಬ್ಯಾಂಕ್, ಒಳ್ಳೆ ರಸ್ತೆ. ಸುತ್ತಲಿನ ಕಳಸ, ಸಂಸೆ ಕಡೆಯವರಿಗೆ ಗುತ್ತಿಗೆ ಕೆಲಸ, ಅಂಗಡಿ ವ್ಯಾಪಾರ, ಹಾಲು ತರಕಾರಿ ಮಾರಾಟ, ಕಷ್ಟಕ್ಕೆ ಹತ್ತಿರದಲ್ಲೊಂದು ಆಸ್ಪತ್ರೆ. ಅದು ಕಡಿಮೆಯೇನಲ್ಲ. ಆದರೆ ಅದೆಲ್ಲ ಕಂಪನಿ ಇರುವ ತನಕ ಮಾತ್ರ. ಅದಿರಿಗೆ ಸರ್ಕಾರಕ್ಕೆ ಕಟ್ಟುವ ರಾಯಧನ ಬೆಂಗಳೂರಿಗೆ ಹೋಯಿತು. ಅದರ ಒಂದು ಪಾಲನ್ನು ಗಣಿ ಇರುವ ಜಾಗಕ್ಕೇ ಕಟ್ಟಿಡುವ ನಿಯಮ ಆಗ ಇರಲಿಲ್ಲ. ಗಣಿ ಅಂದ ಮೇಲೆ ಒಂದಲ್ಲ ಒಂದು ದಿನ ಮುಚ್ಚಲೇಬೇಕು. ಗುತ್ತಿಗೆ ಪತ್ರದಲ್ಲೇ 30 ವರ್ಷ ಅಂತ ಬರೆದಿತ್ತು. ಮೂವತ್ತೊಂದನೇ ವರ್ಷ ಇಲ್ಲಿನ ಜನ ಏನು ಮಾಡಬೇಕು ಅನ್ನುವುದನ್ನು ಮಾತ್ರ ಎಲ್ಲೂ ಬರೆದಿರಲಿಲ್ಲ.

ಒಂದೇ ಜಾಗಕ್ಕೆ ಎರಡು ಹಣೆಬರಹ

1987ರಲ್ಲಿ ಸರ್ಕಾರ ಕುದುರೆಮುಖವನ್ನು ರಾಷ್ಟ್ರೀಯ ಉದ್ಯಾನ ಮಾಡುವ ಉದ್ದೇಶದ ಅಧಿಸೂಚನೆ ಹೊರಡಿಸಿತು. 600 ಚದರ ಕಿಲೋಮೀಟರ್‌ಗೂ ತುಸು ಜಾಸ್ತಿ. ಗಣಿ ಇರುವುದು ಅದರ ಹೊಟ್ಟೆಯೊಳಗೇ. ಒಂದು ಇಲಾಖೆ ಅಗೆಯಲು ಬಿಟ್ಟಿತ್ತು, ಇನ್ನೊಂದು ಇಲಾಖೆ ಮುಟ್ಟಬಾರದು ಅಂದಿತು. ಎರಡೂ ಸರ್ಕಾರದ್ದೇ ಮಾತು.

ಉದ್ದೇಶದ ಅಧಿಸೂಚನೆ ಹೊರಟ ಮೇಲೆ ಕಾನೂನಿನಲ್ಲಿ ಒಂದು ಕ್ರಮ ಇದೆ. ಒಳಗೆ ಇರುವವರ ಹಕ್ಕುಗಳು ಏನೇನು ಅಂತ ವಿಚಾರಣೆ ಮಾಡಬೇಕು. ಯಾರಿಗೆ ಜಮೀನಿದೆ, ಯಾರು ದನ ಮೇಯಿಸುತ್ತಾರೆ, ಯಾರಿಗೆ ಯಾವ ದಾರಿ ಬೇಕು ಎಲ್ಲ ಬರೆದುಕೊಂಡು ಇತ್ಯರ್ಥ ಮಾಡಬೇಕು. ಆಮೇಲೆ ಅಂತಿಮ ಅಧಿಸೂಚನೆ. ಕುದುರೆಮುಖದಲ್ಲಿ ಅಂತಿಮ ಅಧಿಸೂಚನೆ ಬಂದದ್ದು 2001ರ ಜೂನ್‌ನಲ್ಲಿ. ನಡುವೆ ಹದಿನಾಲ್ಕು ವರ್ಷ.

ಈ ಹದಿನಾಲ್ಕು ವರ್ಷ ಒಳಗಿನವರಿಗೆ ಹೇಗೆ ಕಂಡಿರಬಹುದು ಅಂತ ಸ್ವಲ್ಪ ಯೋಚಿಸಿ. ಕಾಡಿನ ಅಂಚಿನಲ್ಲಿ ಮಲೆಕುಡಿಯ ಬುಡಕಟ್ಟಿನ ಒಂದು ಕುಟುಂಬ. ನಾಲ್ಕು ಸಾಲು ಅಡಿಕೆ, ಒಂದಿಷ್ಟು ಗದ್ದೆ, ಒಂದೆರಡು ದನ. ಮಿಕ್ಕ ಆದಾಯ ಕಾಡಿನಿಂದ: ಜೇನು, ಸೀಗೆಕಾಯಿ, ರಾಮಪತ್ರೆ, ಉಪ್ಪಾಗೆ. ರಾಷ್ಟ್ರೀಯ ಉದ್ಯಾನ ಅಂದರೆ ಕಾಡಿನಿಂದ ಏನನ್ನೂ ತರುವ ಹಾಗಿಲ್ಲ, ದನ ಮೇಯಿಸುವ ಹಾಗಿಲ್ಲ. ಮನೆಗೆ ಕರೆಂಟ್ ಬೇಕು ಅಂದರೆ ಅನುಮತಿ. ಹಳ್ಳಕ್ಕೆ ಕಾಲುಸಂಕದ ಬದಲು ಮೋರಿ ಬೇಕು ಅಂದರೂ ಅನುಮತಿ. ಜಮೀನಿಗೆ ಹಕ್ಕುಪತ್ರ ಇಲ್ಲದವರಿಗೆ ಸಾಲವೂ ಇಲ್ಲ, ಪರಿಹಾರದ ಪಟ್ಟಿಯಲ್ಲಿ ಜಾಗವೂ ಇಲ್ಲ. ಅದೇ ಹೊತ್ತಿಗೆ ಗುಡ್ಡದ ಆಚೆ ಬದಿಯಲ್ಲಿ ಹಗಲೂ ರಾತ್ರಿ ಯಂತ್ರಗಳ ಸದ್ದು. ಒಂದು ಬುಟ್ಟಿ ಸೀಗೆಕಾಯಿ ತಂದರೆ ತಪ್ಪು, ಬೆಟ್ಟವನ್ನೇ ಅಗೆದು ಹಡಗಿಗೆ ತುಂಬಿದರೆ ಸರಿ. ಯಾರಿಗಾದರೂ ಸಿಟ್ಟು ಬರುತ್ತದೆ, ಅಲ್ವಾ?

ಕೋರ್ಟಿನಲ್ಲಿ

ಗುತ್ತಿಗೆ 1999ರ ಜುಲೈನಲ್ಲಿ ಮುಗಿಯಿತು. ಆಮೇಲೆ ಗಣಿ ನಡೆದದ್ದು ತಾತ್ಕಾಲಿಕ ಅನುಮತಿಗಳ ಮೇಲೆ. ಕಂಪನಿಗೆ ಗುತ್ತಿಗೆ ಮತ್ತೆ ಬೇಕಿತ್ತು. ಹೊರಗೆ ವಿರೋಧವೂ ಜೋರಾಯಿತು. ನಾಗರಹೊಳೆಯಲ್ಲಿ ಅರಣ್ಯಾಧಿಕಾರಿಯಾಗಿ ಹೆಸರು ಮಾಡಿದ್ದ ಕೆ.ಎಂ. ಚಿಣ್ಣಪ್ಪನವರು ವೈಲ್ಡ್‌ಲೈಫ್ ಫಸ್ಟ್ ಸಂಸ್ಥೆಯ ಪರವಾಗಿ 2001ರಲ್ಲಿ ಸುಪ್ರೀಂ ಕೋರ್ಟ್‌ಗೆ ಹೋದರು. ದೇಶದ ಕಾಡುಗಳ ವಿಷಯ ಆಗಲೇ ಗೋದಾವರ್ಮನ್ ಪ್ರಕರಣದಲ್ಲಿ ಕೋರ್ಟಿನ ಮುಂದಿತ್ತು. ಅದರೊಳಗೇ ಇದೂ ಸೇರಿತು.

ಕೋರ್ಟಿನ ಮುಂದೆ ಹೆಚ್ಚು ತೂಕ ಪಡೆದದ್ದು ಸಿಂಗಳೀಕ, ಶೋಲಾ ಮಾತ್ರ ಅಲ್ಲ, ಹೂಳು ಕೂಡ. ಗಣಿ ನಡೆಯುತ್ತಿದ್ದ ಕಾಲದಲ್ಲೇ ವಿಜ್ಞಾನಿಗಳು ಭದ್ರೆಯ ನೀರಿನಲ್ಲಿ ಎಷ್ಟು ಹೂಳು ಬರುತ್ತಿದೆ ಅಂತ ಅಳೆದಿದ್ದರು. ವರ್ಷದ ಹೂಳಿನ ಬಹುಪಾಲು ಜೋರು ಮಳೆಯ ಕೆಲವೇ ದಿನಗಳಲ್ಲಿ ಹರಿದು ಹೋಗುತ್ತಿತ್ತು. ಜಲಾನಯನದ ಲೆಕ್ಕದಲ್ಲಿ ತೀರಾ ಚಿಕ್ಕದಾದ ಗಣಿ ಜಾಗದಿಂದ ಅದರ ದೊಡ್ಡ ಪಾಲು ಬರುತ್ತಿತ್ತು. ಇದು ಮುಖ್ಯವಾದ ಸಂಗತಿ. ಯಾಕೆಂದರೆ ತಿಂಗಳಿಗೊಮ್ಮೆ ಬಾಟಲಿಯಲ್ಲಿ ನೀರು ಹಿಡಿದು ಪರೀಕ್ಷೆ ಮಾಡಿದರೆ ನದಿ ಚೆನ್ನಾಗಿಯೇ ಇದೆ ಅನಿಸಬಹುದು. ರಾತ್ರಿಯಿಡೀ ಸುರಿದ ಮಳೆಯ ಮರುದಿನ ಬೆಳಿಗ್ಗೆ ಹೋಗಿ ಅಳೆದರೆ ಮಾತ್ರ ನಿಜ ಸಿಗುತ್ತದೆ. ಸರಿಯಾಗಿ ಅಳೆಯುವ ತಾಳ್ಮೆ ಇದ್ದವರು ಇದ್ದದ್ದರಿಂದ ಈ ವಾದ ನಿಂತಿತು.

ಈ ಹೂಳು ಹೋಗಿ ಸೇರುವುದು ಲಕ್ಕವಳ್ಳಿಯ ಭದ್ರಾ ಜಲಾಶಯಕ್ಕೆ. 186 ಅಡಿ ಎತ್ತರದ ಗರಿಷ್ಠ ಮಟ್ಟ, 71.5 ಟಿಎಂಸಿ ನೀರು. ಅದರ ಕಾಲುವೆಗಳು ಶಿವಮೊಗ್ಗ, ಚಿಕ್ಕಮಗಳೂರು, ದಾವಣಗೆರೆ ಕಡೆಯ ಒಂದು ಲಕ್ಷ ಹೆಕ್ಟೇರಿಗೂ ಜಾಸ್ತಿ ಜಮೀನಿಗೆ ನೀರು ಕೊಡುತ್ತವೆ. ಜಲಾಶಯದ ತಳದಲ್ಲಿ ಕೂತ ಹೂಳು ಮತ್ತೆ ಎದ್ದು ಹೋಗುವುದಿಲ್ಲ. ಅಷ್ಟು ಜಾಗದ ನೀರು ಕಾಯಂ ನಷ್ಟ. ನದಿಮೂಲ ಉಳಿಸಿ ಅನ್ನುವ ಹೋರಾಟಕ್ಕೆ ರೈತರೂ ಕೈಜೋಡಿಸಿದ್ದು ಇದಕ್ಕೇ. ಇಲ್ಲಿ ಕಾಡು ಒಂದು ಕಡೆ, ಆರ್ಥಿಕತೆ ಇನ್ನೊಂದು ಕಡೆ ಅನ್ನುವ ಚಿತ್ರವೇ ಮುರಿದು ಬೀಳುತ್ತದೆ. ಎರಡೂ ಕಡೆ ಆರ್ಥಿಕತೆಯೇ ಇತ್ತು. ಗಣಿಯ ಲಾಭ ಕಂಪನಿಯ ಲೆಕ್ಕಪುಸ್ತಕದಲ್ಲಿ ಪ್ರತಿವರ್ಷ ಅಚ್ಚಾಗುತ್ತಿತ್ತು. ರೈತನ ನಷ್ಟ ಯಾವ ಪುಸ್ತಕದಲ್ಲೂ ಬರುತ್ತಿರಲಿಲ್ಲ.

2002ರ ಅಕ್ಟೋಬರ್ 30ರಂದು ತೀರ್ಪು ಬಂತು. ಆಗಲೇ ಅಗೆದಿದ್ದ ಜಾಗದಲ್ಲಿ 2005ರ ಕೊನೆಯ ತನಕ ಗಣಿಗಾರಿಕೆ, ಆಮೇಲೆ ಇಲ್ಲ. ಹೊಸ ಜಾಗ ಮುಟ್ಟುವ ಹಾಗಿಲ್ಲ. ಕೇಂದ್ರದ ಅರಣ್ಯ ಸಲಹಾ ಸಮಿತಿ 2001ರಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಕಾಡು, ನದಿಗಳು ಸರ್ಕಾರದ ಸ್ವಂತ ಸೊತ್ತಲ್ಲ, ಜನರ ಪರವಾಗಿ ಕಾಯುವ ಹೊಣೆ ಮಾತ್ರ ಅದರದ್ದು ಅನ್ನುವ ತತ್ವವನ್ನು ಕೋರ್ಟ್ ಎತ್ತಿ ಹಿಡಿಯಿತು. ಹಾನಿ ಆಗಬಹುದು ಅಂತ ಗಟ್ಟಿ ಅನುಮಾನ ಇದ್ದರೆ, ಪೂರ್ತಿ ಸಾಬೀತಾಗುವ ತನಕ ಕಾಯಬಾರದು ಅನ್ನುವ ಮುನ್ನೆಚ್ಚರಿಕೆಯ ತತ್ವವನ್ನೂ ನೆನಪಿಸಿತು.

ಮೂರು ವರ್ಷದ ಗಡುವು ಕೊಟ್ಟದ್ದು ನನಗೆ ಸರಿ ಅನಿಸುತ್ತದೆ. ರಾತ್ರೋರಾತ್ರಿ ಬಾಗಿಲು ಹಾಕಿದ್ದರೆ ಕೆಲಸಗಾರರ ಗತಿ ಕೆಡುತ್ತಿತ್ತು. ಇನ್ನೂ ಇಪ್ಪತ್ತು ವರ್ಷ ಬಿಟ್ಟಿದ್ದರೆ ತೀರ್ಪಿಗೆ ಅರ್ಥವೇ ಇರುತ್ತಿರಲಿಲ್ಲ. ಗಡುವಿನ ಕೆಲಸ ಅಂದರೆ ಬದಲಿ ದಾರಿ ಹುಡುಕಲು ಸಮಯ ಕೊಡುವುದು. ಆ ಸಮಯವನ್ನು ಬಳಸಿಕೊಳ್ಳಬೇಕಿದ್ದದ್ದು ಸರ್ಕಾರಗಳು.

ಬಳಸಿಕೊಳ್ಳದ ಮೂರು ವರ್ಷ

2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು. ಕಂಪನಿ ಉಳಿಯಿತು. ಮಂಗಳೂರಿನ ಪೆಲೆಟ್ ಕಾರ್ಖಾನೆಗೆ ಹೊರಗಿನಿಂದ ಅದಿರು ತರಿಸಿಕೊಂಡು ನಡೆಸಿತು. ಕೆಲವರು ಸ್ವಯಂನಿವೃತ್ತಿ ತೆಗೆದುಕೊಂಡರು, ಕೆಲವರು ಮಂಗಳೂರಿಗೆ ಹೋದರು. ಕಾಯಂ ನೌಕರರಿಗೆ ಒಂದು ದಾರಿ ಇತ್ತು.

ಗುತ್ತಿಗೆ ಕೆಲಸದವರಿಗೆ, ಅಂಗಡಿ ಇಟ್ಟವರಿಗೆ, ಹಾಲು ಹಾಕುತ್ತಿದ್ದವರಿಗೆ ಯಾವ ಪ್ಯಾಕೇಜೂ ಇರಲಿಲ್ಲ. ಅವರು ಕಂಪನಿಯ ಪಟ್ಟಿಯಲ್ಲಿರಲಿಲ್ಲ, ಸರ್ಕಾರದ ಪಟ್ಟಿಯಲ್ಲೂ ಇರಲಿಲ್ಲ. ಟೌನ್‌ಶಿಪ್ ಖಾಲಿಯಾಗುತ್ತಾ ಹೋಯಿತು. ಬೀಗ ಹಾಕಿದ ಕ್ವಾರ್ಟರ್ಸ್‌ಗಳು ಈ ಮಳೆಗೆ ಎಷ್ಟು ವರ್ಷ ತಡೆದಾವು? ಆ ಕಟ್ಟಡಗಳನ್ನು ಏನು ಮಾಡಬೇಕು ಅನ್ನುವ ಬಗ್ಗೆ ಪ್ರವಾಸೋದ್ಯಮದ್ದು ಸೇರಿ ಹತ್ತಾರು ಪ್ರಸ್ತಾಪ ಬಂದವು, ಹೋದವು. ಪ್ರಸ್ತಾಪ ಚರ್ಚೆ ಆಗಬೇಕಿದ್ದದ್ದು 2002ರಿಂದ 2005ರ ಒಳಗೆ, ಗೋಡೆ ಗಟ್ಟಿ ಇದ್ದಾಗ, ಆಸ್ಪತ್ರೆಯಲ್ಲಿ ಡಾಕ್ಟರ್ ಇದ್ದಾಗ. ಆ ಆಸ್ಪತ್ರೆ, ಆ ಶಾಲೆಯನ್ನು ಸುತ್ತಲಿನ ಹಳ್ಳಿಗಳಿಗಾಗಿ ಸರ್ಕಾರ ವಹಿಸಿಕೊಂಡು ನಡೆಸುವಂತೆ ಮಾಡಿದ್ದರೆ ಗಣಿ ನಿಂತ ನೋವು ಅರ್ಧ ಇಳಿಯುತ್ತಿತ್ತು ಅಂತ ನನ್ನ ನಂಬಿಕೆ. ಕಾಡಿಗೂ ಅದರಿಂದ ತೊಂದರೆ ಇರಲಿಲ್ಲ.

ಇನ್ನೊಂದು ಉಳಿದದ್ದು ಲಖ್ಯಾ ಡ್ಯಾಂ. ಇಪ್ಪತ್ತೈದು ವರ್ಷದ ಕೆಸರು ಅದರ ಹಿಂದೆ ತುಂಬಿದೆ. ಗಣಿಗೆ ಕೊನೆಯ ದಿನಾಂಕ ಇತ್ತು. ಈ ಡ್ಯಾಂ ನೋಡಿಕೊಳ್ಳುವುದಕ್ಕೆ ಅಂಥ ದಿನಾಂಕ ಇಲ್ಲ. ಪ್ರತಿ ಮಳೆಗಾಲದಲ್ಲೂ ಅದರ ಕೋಡಿ, ಒಡ್ಡು ನೋಡುವವರು ಬೇಕು. ಅದಿರಿನ ಬೆಲೆ ಕಟ್ಟುವಾಗ ಈ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಿದ್ದರೆ ಇಷ್ಟು ಕಡಿಮೆ ಕಬ್ಬಿಣದ ಅದಿರನ್ನು ಅಗೆಯುವುದು ಗಿಟ್ಟುತ್ತಿತ್ತೇ ಅನ್ನುವುದು ಕೇಳಲೇಬೇಕಾದ ಪ್ರಶ್ನೆ.

ಕಾಡಿನೊಳಗೆ ಸಿಟ್ಟು

ಗಣಿ ಪ್ರಕರಣ ಕೋರ್ಟಿನಲ್ಲಿ ಇದ್ದಾಗಲೇ ಘಟ್ಟದಲ್ಲಿ ಇನ್ನೊಂದು ಬೆಳೆಯುತ್ತಿತ್ತು. ರಾಷ್ಟ್ರೀಯ ಉದ್ಯಾನ ಅಂತಿಮವಾದ ಮೇಲೆ ನಮ್ಮನ್ನು ಒಕ್ಕಲೆಬ್ಬಿಸುತ್ತಾರೆ ಅನ್ನುವ ಭಯ ಮನೆಮನೆಗೂ ಹೊಕ್ಕಿತು. ಆ ಭಯ ನಕ್ಸಲ್ ಚಳವಳಿಗೆ ನೆಲ ಹದ ಮಾಡಿಕೊಟ್ಟಿತು. 2003ರ ನವೆಂಬರ್‌ನಲ್ಲಿ ಕಾರ್ಕಳದ ಈದುವಿನಲ್ಲಿ ಪೊಲೀಸ್ ಗುಂಡಿಗೆ ಇಬ್ಬರು ಯುವತಿಯರು ಸತ್ತರು. 2005ರ ಫೆಬ್ರವರಿಯಲ್ಲಿ ನಕ್ಸಲ್ ನಾಯಕ ಸಾಕೇತ್ ರಾಜನ್ ಹತರಾದರು. ಪೊಲೀಸರೂ ಸತ್ತರು, ಊರಿನ ಬಡವರೂ ಸತ್ತರು. ಕಾಡಂಚಿನ ಜನ ಎರಡೂ ಕಡೆಯ ಅನುಮಾನಕ್ಕೆ ಸಿಕ್ಕರು. ಮಲೆನಾಡಿನ ಆರು ಮಂದಿ ನಕ್ಸಲರು ಬೆಂಗಳೂರಿನಲ್ಲಿ ಮುಖ್ಯಮಂತ್ರಿ ಎದುರು ಶರಣಾದದ್ದು 2025ರ ಜನವರಿಯಲ್ಲಿ. ಆಗ ಮುಂದಿಟ್ಟ ಬೇಡಿಕೆಗಳಲ್ಲೂ ಕಾಡಿನ ಜನರ ಭೂಮಿಯ ವಿಷಯ ಇತ್ತು. ಅಧಿಸೂಚನೆ ಹೊರಡಿಸುವಾಗ ಹಕ್ಕುಗಳನ್ನು ಸರಿಯಾಗಿ ಇತ್ಯರ್ಥ ಮಾಡದಿದ್ದರೆ ಅದರ ಬೆಲೆ ಎಷ್ಟು ದೂರ ಹೋಗುತ್ತದೆ ನೋಡಿ.

ಬೇರೆ ರೀತಿ ಮಾಡಲು ಸಾಧ್ಯವೇ ಇರಲಿಲ್ಲ ಅಂತ ಹೇಳುವವರಿಗೆ ಉತ್ತರ ಇದೇ ಚಿಕ್ಕಮಗಳೂರು ಜಿಲ್ಲೆಯಲ್ಲಿದೆ. ಅದೇ ಭದ್ರೆಯ ಕೆಳಗಿನ ಭಾಗದ ಭದ್ರಾ ಅಭಯಾರಣ್ಯದಿಂದ 2001–02ರ ಸುಮಾರಿಗೆ 400ಕ್ಕೂ ಹೆಚ್ಚು ಕುಟುಂಬಗಳು ಹೊರಗೆ ಬಂದವು. ಹೆಚ್ಚಿನವರಿಗೆ ಲಕ್ಕವಳ್ಳಿ ಹತ್ತಿರದ ಎಂ.ಸಿ. ಹಳ್ಳಿಯಲ್ಲಿ ಜಮೀನು ಸಿಕ್ಕಿತು. ನೀರಾವರಿ ಜಮೀನು, ರಸ್ತೆ, ಶಾಲೆ. ಅಲ್ಲೂ ತಕರಾರು ಇರಲಿಲ್ಲ ಅಂತಲ್ಲ. ವರ್ಷಗಟ್ಟಲೆ ಮಾತುಕತೆ ನಡೆದಿತ್ತು, ಎಳೆದಾಟ ಆಗಿತ್ತು. ಆದರೆ ಬಿಟ್ಟು ಬರುವ ಜಮೀನಿಗಿಂತ ಸಿಗುವ ಜಮೀನು ಚೆನ್ನಾಗಿತ್ತು. ಆದ್ದರಿಂದ ಜನ ಬಂದರು. ದೇಶದಲ್ಲಿ ಒಳ್ಳೆಯ ಪುನರ್ವಸತಿಗೆ ಉದಾಹರಣೆ ಕೇಳಿದರೆ ಇಂದಿಗೂ ಭದ್ರಾವನ್ನೇ ಹೇಳುತ್ತಾರೆ.

ಕುದುರೆಮುಖದಲ್ಲಿ ಅಂಥ ಜಮೀನು ಹುಡುಕಿಕೊಡುವ ಕೆಲಸ ಆಗಲಿಲ್ಲ. ಇಲ್ಲಿ ನಡೆದದ್ದು ಸ್ವಯಂ ಪುನರ್ವಸತಿ. ಹೋಗಲು ಒಪ್ಪಿದವರ ಮನೆ, ತೋಟಕ್ಕೆ ಬೆಲೆ ಕಟ್ಟಿ ದುಡ್ಡು ಕೊಡುವುದು. ಬೆಲೆ ಕಟ್ಟುವಾಗ ಅಡಿಕೆ ಮರಕ್ಕೆ ಎಷ್ಟು, ಹಕ್ಕುಪತ್ರ ಇಲ್ಲದ ಜಾಗಕ್ಕೆ ಎಷ್ಟು ಅನ್ನುವುದರಲ್ಲೇ ತೊಡಕು. ಕೆಲವು ಕುಟುಂಬಗಳು ಹೋಗಿ ನೆಮ್ಮದಿಯಾಗಿವೆ. ಮಕ್ಕಳ ಶಾಲೆಗೆ, ಆಸ್ಪತ್ರೆಗೆ ಹತ್ತಿರ ಆಯಿತು ಅನ್ನುವವರಿದ್ದಾರೆ. ಕೆಲವರಿಗೆ ಹೋಗುವ ಮನಸ್ಸಿದೆ, ದುಡ್ಡು ಬಂದಿಲ್ಲ. ಕೆಲವರಿಗೆ ಹೋಗುವ ಮನಸ್ಸೇ ಇಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಅವರ ಪರ ಇದೆ. ಈ ಮೂರೂ ಗುಂಪನ್ನು ಒಂದೇ ಅಂತ ತಿಳಿದು ಮಾತಾಡುವುದೇ ಇಲ್ಲಿನ ದೊಡ್ಡ ಸಮಸ್ಯೆ. 'ಎಲ್ಲರನ್ನೂ ಹೊರಗೆ ತನ್ನಿ' ಅನ್ನುವವರೂ ಹಾಗೇ ಮಾಡುತ್ತಾರೆ, 'ಯಾರೂ ಹೊರಗೆ ಬರಬಾರದು' ಅನ್ನುವವರೂ ಹಾಗೇ ಮಾಡುತ್ತಾರೆ.

ಮುಂದೆ ಕುದುರೆಮುಖವನ್ನು ಹುಲಿ ಸಂರಕ್ಷಿತ ಪ್ರದೇಶ ಮಾಡುವ ಪ್ರಸ್ತಾಪ ಬಂತು. ಜನ ಬೀದಿಗಿಳಿದರು, ರಾಜ್ಯ ಸರ್ಕಾರ ಒಪ್ಪಲಿಲ್ಲ. ಹುಲಿ ಯೋಜನೆ ಇರುವ ಕಡೆ ಹೊರಗೆ ಬರುವ ಕುಟುಂಬಕ್ಕೆ ಕೇಂದ್ರದಿಂದ ಹಣ ಬರುತ್ತದೆ. ಮೊದಲು 10 ಲಕ್ಷ ಇತ್ತು, ಈಗ 15 ಲಕ್ಷ ರೂಪಾಯಿ. ಹೋಗಲು ಕಾಯುತ್ತಿದ್ದವರಿಗೆ ಆ ದಾರಿ ಮುಚ್ಚಿತು. 2012ರಲ್ಲಿ ಪಶ್ಚಿಮ ಘಟ್ಟದ 39 ತಾಣಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿದವು, ಕುದುರೆಮುಖವೂ ಅದರಲ್ಲಿದೆ. ಆಗಲೂ ಮಲೆನಾಡಿನಲ್ಲಿ ವಿರೋಧ. ಪಶ್ಚಿಮ ಘಟ್ಟದ ರಕ್ಷಣೆ ಕುರಿತ ಗಾಡ್ಗೀಳ್ ವರದಿ, ಕಸ್ತೂರಿರಂಗನ್ ವರದಿ ಬಂದಾಗಲೂ ವಿರೋಧ. ಹೊರಗಿನವರು ಇದನ್ನು ಅಜ್ಞಾನ ಅಂತ ಬಗೆಯುತ್ತಾರೆ. ನನಗೆ ಹಾಗನಿಸುವುದಿಲ್ಲ. 1987ರಿಂದ ಆದದ್ದನ್ನು ಕಣ್ಣಾರೆ ಕಂಡವರು ಇವರು. ಕಾಗದದಲ್ಲಿ ಏನೇ ಬರೆದಿದ್ದರೂ ಕೊನೆಗೆ ನಮ್ಮ ಮನೆಯ ಕರೆಂಟಿಗೇ ಬಂದು ನಿಲ್ಲುತ್ತದೆ ಅನ್ನುವುದು ಅವರ ಅನುಭವ.

ಗಣಿ ಹೋದ ಜಾಗಕ್ಕೆ ಬಂದದ್ದು

ಈಗ ಕುದುರೆಮುಖಕ್ಕೆ ಜನ ಬರುವುದು ಚಾರಣಕ್ಕೆ. ಮುಳ್ಳೋಡಿಯಿಂದ ಬೆಟ್ಟ ಹತ್ತುತ್ತಾರೆ. ಮೊದಲೇ ಆನ್‌ಲೈನ್‌ನಲ್ಲಿ ಬುಕ್ ಮಾಡಬೇಕು, ದಿನಕ್ಕೆ 300 ಜನರಿಗೆ ಮಿತಿ. ಕಳಸ, ಸಂಸೆ ಸುತ್ತ ಹೋಮ್‌ಸ್ಟೇಗಳಾಗಿವೆ, ಜೀಪಿನವರಿಗೆ ಬಾಡಿಗೆ ಇದೆ, ಗೈಡ್‌ಗಳಿಗೆ ಕೆಲಸ ಇದೆ. ಗಣಿಯ ದುಡ್ಡಿಗೆ ಹೋಲಿಸಿದರೆ ಇದು ಚಿಲ್ಲರೆ ಅನಿಸಬಹುದು. ಆದರೆ ಈ ದುಡ್ಡಿನ ಹೆಚ್ಚಿನ ಪಾಲು ಊರಿನವರ ಕೈಗೇ ಬರುತ್ತದೆ. ಕಾಡು ಚೆನ್ನಾಗಿದ್ದಷ್ಟು ಕಾಲವೂ ಬರುತ್ತದೆ.

ಹಾಗಂತ ಇದೇ ಪೂರ್ತಿ ಪರಿಹಾರ ಅಂತ ನಾನು ಹೇಳುವುದಿಲ್ಲ. ಚಾರಣದ ದುಡ್ಡು ಸೇರುವುದು ರಸ್ತೆ ಪಕ್ಕದವರಿಗೆ, ಜೀಪ್ ಕೊಳ್ಳುವ ಶಕ್ತಿ ಇದ್ದವರಿಗೆ. ಒಳಗಿನ ಹಾಡಿಯ ಮನೆಗೆ ಅದು ಮುಟ್ಟುವುದು ಕಡಿಮೆ. ಮಳೆ ಜೋರಾದಾಗ, ಕಾಡ್ಗಿಚ್ಚಿನ ಕಾಲದಲ್ಲಿ ಚಾರಣ ನಿಲ್ಲುತ್ತದೆ, ಆಗ ಆದಾಯವೂ ನಿಲ್ಲುತ್ತದೆ. 300ರ ಮಿತಿಯನ್ನು ಜಾಸ್ತಿ ಮಾಡಿ ಅನ್ನುವ ಒತ್ತಡ ಯಾವಾಗಲೂ ಇದ್ದೇ ಇರುತ್ತದೆ. ಹುಲ್ಲಿನ ಬೆಟ್ಟದ ಮೇಲೆ ಕಾಲುದಾರಿ ಅಗಲವಾದರೆ ಮೊದಲ ಮಳೆಗೇ ಅದು ಕೊರಕಲಾಗುತ್ತದೆ. ಮಿತಿ ಹಾಗೇ ಇರಲಿ. ಬದಲಿಗೆ ಪ್ರವೇಶ ಶುಲ್ಕದ ಒಂದು ನಿಗದಿತ ಪಾಲು ಒಳಗಿನ ಕುಟುಂಬಗಳಿಗೆ ನೇರ ಹೋಗಲಿ. ಗೈಡ್ ಕೆಲಸದಲ್ಲಿ ಅವರ ಮಕ್ಕಳಿಗೆ ಮೊದಲ ಅವಕಾಶ ಇರಲಿ. ಬೆಂಕಿ ರೇಖೆ ಸವರುವ ಕೆಲಸಕ್ಕೆ, ಬೆಂಕಿ ಕಾವಲಿಗೆ ಅವರಿಗೆ ವರ್ಷಪೂರ್ತಿ ಸಂಬಳ ಕೊಡಲಿ. ಈ ಗುಡ್ಡದ ಮೂಲೆಮೂಲೆ ಅವರಷ್ಟು ಗೊತ್ತಿರುವವರು ಇನ್ಯಾರಿದ್ದಾರೆ?

ದೇವದಾರಿಯಲ್ಲಿ ಮತ್ತೆ ಅದೇ ಪ್ರಶ್ನೆ

ಪ್ರಕರಣ ಕುದುರೆಮುಖದಲ್ಲಿ ಮುಗಿಯಲಿಲ್ಲ. ಅದೇ ಕಂಪನಿಗೆ ಬಳ್ಳಾರಿ ಜಿಲ್ಲೆಯ ಸಂಡೂರಿನ ದೇವದಾರಿ ಬೆಟ್ಟದಲ್ಲಿ ಸುಮಾರು 470 ಹೆಕ್ಟೇರ್ ಗಣಿ ಮಂಜೂರಾಯಿತು. ಅದೂ ಕಾಡೇ. ಹೋಗುವ ಮರಗಳ ಲೆಕ್ಕ ಒಂದು ಲಕ್ಷದ ಹತ್ತಿರ. 2024ರ ಜೂನ್‌ನಲ್ಲಿ ಕೇಂದ್ರದ ಉಕ್ಕು ಸಚಿವ ಎಚ್.ಡಿ. ಕುಮಾರಸ್ವಾಮಿ ಅದಕ್ಕೆ ಸಹಿ ಹಾಕಿದರು. ಕೂಡಲೇ ರಾಜ್ಯದ ಅರಣ್ಯ ಸಚಿವ ಈಶ್ವರ ಖಂಡ್ರೆ ತಡೆದರು. ಕುದುರೆಮುಖದಲ್ಲಿ ಆದ ಅರಣ್ಯ ಹಾನಿಗೆ ಸಂಬಂಧಿಸಿದ ಷರತ್ತುಗಳನ್ನು ಕಂಪನಿ ಪೂರೈಸುವ ತನಕ ಹೊಸ ಜಾಗ ಹಸ್ತಾಂತರಿಸಬೇಡಿ ಅಂತ ಅಧಿಕಾರಿಗಳಿಗೆ ಸೂಚಿಸಿದರು. ಅಂದರೆ ಗಣಿ ಮುಚ್ಚಿ ಹದಿನೆಂಟು ವರ್ಷದ ಮೇಲೂ ಹಳೆ ಬಾಕಿ ಚುಕ್ತಾ ಆಗಿರಲಿಲ್ಲ.

ಇದರಲ್ಲಿ ಪಕ್ಷ ರಾಜಕೀಯ ಎಷ್ಟಿದೆ ಅನ್ನುವ ಚರ್ಚೆ ಬೇರೆ. ಷರತ್ತು ಮಾತ್ರ ನ್ಯಾಯವಾದದ್ದು. ಕುದುರೆಮುಖದ ಕಾಲಕ್ಕೆ ಇಲ್ಲದ ಕೆಲವು ಹಿಡಿತಗಳು ಈಗ ಕಾನೂನಿನಲ್ಲಿವೆ. ಗಣಿ ಮುಚ್ಚುವ ಯೋಜನೆಯನ್ನು ಮೊದಲೇ ಸಲ್ಲಿಸಬೇಕು ಅನ್ನುವ ನಿಯಮ 2003ರಲ್ಲಿ ಬಂತು. 2015ರಿಂದ ಪ್ರತಿ ಗಣಿ ಜಿಲ್ಲೆಯಲ್ಲೂ ಜಿಲ್ಲಾ ಖನಿಜ ಪ್ರತಿಷ್ಠಾನ ಇದೆ. ರಾಯಧನದ ಜೊತೆಗೆ ಅದರ ಒಂದು ಪಾಲಿನಷ್ಟು ಮೊತ್ತವನ್ನು ಗಣಿಯಿಂದ ತೊಂದರೆಗೊಳಗಾದ ಜನರಿಗಾಗಿ ಅಲ್ಲಿ ಕಟ್ಟಬೇಕು. ಆದರೆ ಮುಚ್ಚುವ ಯೋಜನೆಯಲ್ಲಿ ಹೆಚ್ಚಾಗಿ ಇರುವುದು ಗುಂಡಿ ಮುಚ್ಚುವುದು, ಗಿಡ ನೆಡುವುದು. ಖನಿಜ ಪ್ರತಿಷ್ಠಾನದ ದುಡ್ಡು ಬಹಳ ಕಡೆ ಇವತ್ತಿನ ರಸ್ತೆಗೆ, ಕಟ್ಟಡಕ್ಕೆ ಖರ್ಚಾಗುತ್ತದೆ. ಗಣಿ ನಿಂತ ಮರುವರ್ಷದ ಸಂಬಳಕ್ಕೆ ಅಂತ ಒಂದು ಪಾಲನ್ನು ಎತ್ತಿಡುವ ಪದ್ಧತಿ ಇನ್ನೂ ಬೆಳೆದಿಲ್ಲ.

ಸಂಡೂರಿನಲ್ಲಾಗಲಿ ಬೇರೆಲ್ಲಾಗಲಿ ಕಾಡಿನ ಜಾಗ ಗಣಿಗೆ ಕೊಡುವ ಮಾತು ಬಂದಾಗ ಗ್ರಾಮಸಭೆಯಲ್ಲಿ ಮೂರು ಕಾಗದ ಕೇಳಬೇಕು ಅಂತ ನನಗನಿಸುತ್ತದೆ. ಕೆಳಗಿನ ಕೆರೆ, ಹಳ್ಳ, ಜಲಾಶಯಕ್ಕೆ ಎಷ್ಟು ಹೂಳು ಹೋಗುತ್ತದೆ ಅನ್ನುವುದನ್ನು ಮಳೆಗಾಲದಲ್ಲಿ ಅಳೆದ ಲೆಕ್ಕ. ಒಳಗೆ, ಅಂಚಿನಲ್ಲಿ ಇರುವ ಪ್ರತಿ ಮನೆಯ ಹಕ್ಕು ಏನು ಅಂತ ಇತ್ಯರ್ಥ ಮಾಡಿದ ಪಟ್ಟಿ. ಗಣಿ ಮುಚ್ಚಿದ ಮೇಲೆ ಶಾಲೆ, ಆಸ್ಪತ್ರೆ, ಡ್ಯಾಂ ಯಾರ ಹೊಣೆ, ಅದಕ್ಕೆ ದುಡ್ಡು ಯಾವ ಖಾತೆಯಲ್ಲಿದೆ ಅನ್ನುವ ಒಪ್ಪಂದ. ಮೂರೂ ಸಹಿ ಆಗಿ ಕೈಗೆ ಬಂದ ಮೇಲೆ ಗುತ್ತಿಗೆಯ ಮಾತು ಶುರುವಾಗಲಿ.